ತಬ್ಬಲಿ ಮೊಮ್ಮಕ್ಕಳ ಪಾಲು

ತಂದೆ ಬದುಕಿರುವಾಗಲೇ ಮಗನು ತೀರಿಕೊಳ್ಳುವುದು ದುಃಖದ ಸಂಗತಿಯಾದರೂ ಅಪರೂಪದ ಸಂಗತಿಯಲ್ಲ. ಹಾಗೆ ತೀರಿಕೊಂಡವನಿಗೆ ಹೆಂಡತಿಯೂ ಎಳೆಯ ಮಕ್ಕಳೂ ಇದ್ದು, ಅವನು ತಂದೆಯ ಅಂಗಡಿಯಲ್ಲಿಯೇ ದುಡಿದು, ತಂದೆಯ ಮನೆಯಲ್ಲಿಯೇ ವಾಸವಾಗಿದ್ದು, ತನ್ನ ಹೆಸರಿನಲ್ಲಿ ಏನನ್ನೂ ಮಾಡಿಕೊಳ್ಳದೆ ಹೋದವನಾಗಿದ್ದರೆ, ಆ ಮಕ್ಕಳ ಬಾಳೆಲ್ಲ ಅಜ್ಜನ ಉಸಿರನ್ನು ನಂಬಿಕೊಂಡಿರುತ್ತದೆ. ಅಜ್ಜನಿರುವ ತನಕ ಅನ್ನಕ್ಕೂ ಅಕ್ಷರಕ್ಕೂ ಕೊರತೆಯಿಲ್ಲ. ಅಜ್ಜನು ಕಣ್ಣುಮುಚ್ಚಿದ ಮೇಲೆ, ಮನೆತನವು ಮುಸಲ್ಮಾನರದಾಗಿದ್ದು ಅಜ್ಜನಿಗೆ ಇನ್ನೊಬ್ಬ ಮಗನಾದರೂ ಜೀವಂತನಾಗಿದ್ದಲ್ಲಿ, ಭಾರತದ ನ್ಯಾಯಾಲಯಗಳು ಇಂದಿಗೂ ಅನುಸರಿಸುವ ನಿಯಮದ ಪ್ರಕಾರ ಆ ಮೊಮ್ಮಕ್ಕಳಿಗೆ ಅಜ್ಜನ ಆಸ್ತಿಯಲ್ಲಿ ಒಂದು ಕಾಸಿನ ಹಕ್ಕೂ ಇರುವುದಿಲ್ಲ. ಸೊಸೆಯಂತೂ ವಾರಸುದಾರರ ಪಟ್ಟಿಯಲ್ಲಿಯೇ ಸೇರಿದವಳಲ್ಲ. ಚಿಕ್ಕಪ್ಪ ದೊಡ್ಡಪ್ಪಂದಿರು ಸಜ್ಜನರಾದರೆ ಮಕ್ಕಳು ಅದೇ ಮನೆಯಲ್ಲಿ ಉಳಿದಾರು. ಇಲ್ಲವಾದರೆ ತಾಯಿಯೊಡನೆ ಅವಳ ತವರಿನ ದಾರಿ ಹಿಡಿದಾರು.

ಉರ್ದು ಬಲ್ಲವರ ನಡುವೆ ‘ಯತೀಮ್ ಪೋತಾ’ ಎಂದರೆ ಸಾಕು, ಅಂದರೆ ತಬ್ಬಲಿ ಮೊಮ್ಮಗನೆಂದರೆ ಸಾಕು, ಚರ್ಚೆ ಯಾವುದೆಂಬುದು ಗೊತ್ತಾಗಿಬಿಡುತ್ತದೆ. ಅಷ್ಟು ಹಳೆಯ, ಅಷ್ಟು ನೋವಿನ ಪ್ರಶ್ನೆ ಅದು. ಇದರ ಸುತ್ತ ಕಳೆದ ಶತಮಾನದಲ್ಲಿ ಹಲವು ಮುಸ್ಲಿಂ ರಾಷ್ಟ್ರಗಳು ಶಾಸನಗಳನ್ನು ಮಾಡಿದುವು, ನ್ಯಾಯಾಲಯಗಳು ತೀರ್ಪು ಕೊಟ್ಟುವು, ಉಲೇಮಾಗಳು ಪರವಾಗಿಯೂ ವಿರೋಧವಾಗಿಯೂ ಗ್ರಂಥಗಳನ್ನು ಬರೆದರು. ನಮ್ಮಲ್ಲಿ ಮಾತ್ರ ಅದು ಮನೆಯೊಳಗಿನ ನಿಟ್ಟುಸಿರಾಗಿಯೇ ಉಳಿದುಕೊಂಡಿದೆ. ತಲಾಖಿನ ವಿಷಯವಾಗಿ ನಡೆದ ವಾದದ ನೂರರಲ್ಲೊಂದು ಪಾಲೂ ಈ ವಿಷಯಕ್ಕೆ ದೊರೆತಿಲ್ಲ. ಇದರಲ್ಲಿ ರಾಜಕೀಯದ ಲಾಭ ಯಾರಿಗೂ ಹೆಚ್ಚಾಗಿ ಕಾಣಲಿಲ್ಲವೋ ಏನೋ.

ನಿಯಮದ ಮೂಲವನ್ನು ಮೊದಲು ನೋಡಬೇಕು. ಕುರಾನಿನ ನಾಲ್ಕನೆಯ ಅಧ್ಯಾಯವಾದ ‘ನಿಸಾ’ದ 11, 12 ಮತ್ತು 176ನೆಯ ವಚನಗಳು ಮಕ್ಕಳಿಗೆ, ತಾಯಿತಂದೆಗಳಿಗೆ, ಗಂಡಹೆಂಡಿರಿಗೆ, ಒಡಹುಟ್ಟಿದವರಿಗೆ ಸಲ್ಲತಕ್ಕ ಪಾಲುಗಳನ್ನು ಹೇಳುತ್ತವೆ. ಮೊಮ್ಮಕ್ಕಳ ಹೆಸರನ್ನು ಎತ್ತಿ ಅಲ್ಲಿ ಏನನ್ನೂ ಹೇಳಿಲ್ಲ. ಆ ತೆರಪನ್ನು ತುಂಬಿದವರು ಪ್ರವಾದಿಯವರ ಅನುಚರರೂ ಅವರ ನಂತರದ ಧರ್ಮಶಾಸ್ತ್ರಜ್ಞರೂ ಆಗಿದ್ದಾರೆ. ದಾಯವಿಭಾಗದ ಗಣಿತದಲ್ಲಿ ಪ್ರಮಾಣಪುರುಷರೆನಿಸಿದ ಜೈದ್ ಬಿನ್ ಸಾಬಿತರು ಮಗನ ಮಕ್ಕಳು ಮಕ್ಕಳ ಸ್ಥಾನದಲ್ಲಿ ನಿಲ್ಲುವುದು ಮಕ್ಕಳಿಲ್ಲದಾಗ ಮಾತ್ರವೆಂದೂ, ಮಗನಿರುವಲ್ಲಿ ಮೊಮ್ಮಗನಿಗೆ ದಾಯವಿಲ್ಲವೆಂದೂ ನಿರ್ಣಯಿಸಿದುದು ಬುಖಾರಿಯ ಹದೀಸ್ ಸಂಗ್ರಹದಲ್ಲಿ ದಾಖಲಾಗಿದೆ. ನಾಲ್ಕು ಸುನ್ನೀ ಪಂಥಗಳೂ ಈ ಮಾತನ್ನು ಏಕಕಂಠದಿಂದ ಒಪ್ಪಿಕೊಂಡುವು. ಗೊತ್ತಾದ ಪಾಲುಳ್ಳವರಿಗೆ ಕೊಟ್ಟು ಮಿಕ್ಕದ್ದನ್ನು ಪಡೆಯುವ ಪುರುಷಸಂತತಿಯ ಬಂಧುಗಳಿಗೆ ‘ಅಸಬಾ’ ಎಂದು ಹೆಸರು. ಅವರೊಳಗೆ ಹತ್ತಿರದವನು ದೂರದವನನ್ನು ಹೊರಗಿಡುತ್ತಾನೆ. ಹಾಗೆ ಹೊರಗುಳಿದವನು ‘ಮಹ್ಜೂಬ್’. ಸತ್ತ ಮಗನ ಸ್ಥಾನದಲ್ಲಿ ಅವನ ಮಗನು ನಿಂತು ಅವನ ಪಾಲನ್ನು ಕೇಳುವ ಪ್ರಾತಿನಿಧ್ಯದ ಕಲ್ಪನೆಯನ್ನು ಈ ಶಾಸ್ತ್ರವು ಒಪ್ಪುವುದಿಲ್ಲ. ಜೀವಂತನ ಆಸ್ತಿಯಲ್ಲಿ ಯಾರಿಗೂ ಹಕ್ಕಿಲ್ಲವಾದ್ದರಿಂದ, ತಂದೆಗಿಂತ ಮೊದಲೇ ಸತ್ತವನಿಗೆ ತನ್ನ ಮಕ್ಕಳಿಗೆ ಬಿಟ್ಟುಹೋಗಲು ಏನೂ ಇರಲಿಲ್ಲವೆಂಬುದು ಅದರ ತರ್ಕ. ನಮ್ಮ ನಾಡಿನ ಬಯಲುಸೀಮೆಯ ಹನಫಿಗಳಿಗೂ, ಕರಾವಳಿಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರಂತಹ ಶಾಫಿಗಳಿಗೂ ಈ ವಿಷಯದಲ್ಲಿ ಭೇದವಿಲ್ಲ. ಶಿಯಾ ಶಾಸ್ತ್ರದ ಲೆಕ್ಕಾಚಾರದ ರೀತಿಯೇ ಬೇರೆಯಾದರೂ ಫಲವು ಅದೇ: ಮಗನಾಗಲಿ ಮಗಳಾಗಲಿ ಒಬ್ಬರು ಜೀವಂತರಾಗಿದ್ದರೆ ಮೊಮ್ಮಕ್ಕಳೆಲ್ಲರೂ ಹೊರಗೆ.

ಮಗನ ಮಗಳ ಸ್ಥಿತಿ ಸುನ್ನೀ ಶಾಸ್ತ್ರದಲ್ಲಿ ಒಂದು ಸಂದರ್ಭದಲ್ಲಿ ಮಾತ್ರ ತುಸು ಮೇಲು. ಮೃತನಿಗೆ ಗಂಡುಮಕ್ಕಳಿಲ್ಲದೆ ಒಬ್ಬಳೇ ಮಗಳಿದ್ದರೆ ಆ ಮಗಳಿಗೆ ಅರ್ಧವೂ ಮಗನ ಮಗಳಿಗೆ ಆರನೆಯ ಒಂದಂಶವೂ ಸಲ್ಲುತ್ತದೆಯೆಂದು ಇಬ್ನ್ ಮಸ್ಊದರು ಕೊಟ್ಟ ತೀರ್ಪು ಪ್ರಸಿದ್ಧವಾಗಿದೆ. ಮಗಳ ಮಕ್ಕಳ ಪಾಡು ಇದಕ್ಕಿಂತಲೂ ಕಷ್ಟ. ಅವರು ‘ಜವಿಲ್ ಅರ್‌ಹಾಮ್’ ಎಂಬ ದೂರಬಂಧುಗಳ ಗುಂಪಿಗೆ ಸೇರಿದವರಾದ್ದರಿಂದ, ಗೊತ್ತಾದ ಪಾಲುಳ್ಳವರೂ ಅಸಬಾಗಳೂ ಇಲ್ಲದೆ ಹೋದಾಗಲೇ ಅವರ ಸರದಿ. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಂಡಿರಬೇಕು. ಮುಂದೆ ಅದರ ಅಗತ್ಯ ಬೀಳುತ್ತದೆ.

ಈ ನಿಯಮವನ್ನು ಕ್ರೌರ್ಯವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಅದರ ಹಿಂದಿನ ಸಮಾಜವನ್ನು ನೋಡದೆ ಮಾತನಾಡುತ್ತಾರೆ. ದಾಯದಿಂದ ಹೊರಗಿಟ್ಟ ತಬ್ಬಲಿಯನ್ನು ಆ ಶಾಸ್ತ್ರವು ಬೀದಿಗೆ ನೂಕಿರಲಿಲ್ಲ. ಬಡವನಾದ ಮೊಮ್ಮಗನನ್ನು ಅಜ್ಜನು ಪೋಷಿಸತಕ್ಕದ್ದೆಂದೂ, ಹನಫೀ ಪಂಥದ ಪ್ರಕಾರ ವಿವಾಹನಿಷಿದ್ಧರಾದ ಸಮೀಪಬಂಧುಗಳಲ್ಲಿ ಅನುಕೂಲಸ್ಥರಾದವರು ತಮಗೆ ಬರಬಹುದಾದ ದಾಯದ ಪ್ರಮಾಣಕ್ಕೆ ಸರಿಯಾಗಿ ಬಡಬಂಧುವಿನ ಜೀವನಾಂಶವನ್ನು ಹೊರತಕ್ಕದ್ದೆಂದೂ ಅದು ವಿಧಿಸಿತು. ಅಂದರೆ ಪಾಲು ತಪ್ಪಿದ ಕಡೆ ಪೋಷಣೆಯ ಹಕ್ಕು ಹುಟ್ಟುತ್ತಿತ್ತು. ಪಾಲು ಹಂಚುವ ಹೊತ್ತಿನಲ್ಲಿ ಬಂಧುಗಳೂ ಅನಾಥರೂ ಬಡವರೂ ಬಂದು ನಿಂತರೆ ಅವರಿಗೂ ಅದರಲ್ಲಿ ಏನಾದರೂ ಕೊಟ್ಟು ಒಳ್ಳೆಯ ಮಾತಾಡಿ ಕಳುಹಿಸಬೇಕೆಂದು ನಿಸಾ ಅಧ್ಯಾಯದ 8ನೆಯ ವಚನವೇ ಹೇಳುತ್ತದೆ. ಅದು ರದ್ದಾಗಿಲ್ಲವೆಂದು ಇಬ್ನ್ ಅಬ್ಬಾಸರು ಒತ್ತಿ ಹೇಳಿದ್ದರು. ಪ್ರವಾದಿ ಮುಹಮ್ಮದರೇ ಹುಟ್ಟುವ ಮೊದಲೇ ತಂದೆಯನ್ನು ಕಳೆದುಕೊಂಡವರು. ಅಜ್ಜ ಅಬ್ದುಲ್ ಮುತ್ತಲಿಬರ ಆಶ್ರಯದಲ್ಲಿ ಬೆಳೆದು, ತಮ್ಮ ಎಂಟನೆಯ ವಯಸ್ಸಿನಲ್ಲಿ ಅವರನ್ನೂ ಕಳೆದುಕೊಂಡು, ದೊಡ್ಡಪ್ಪ ಅಬೂ ತಾಲಿಬರ ಮನೆಯಲ್ಲಿ ಮಗನಂತೆ ಸಾಕಲ್ಪಟ್ಟವರು. ಶಾಸ್ತ್ರಜ್ಞರು ಪ್ರತಿಯೊಂದು ಮನೆಯಲ್ಲಿಯೂ ಒಬ್ಬ ಅಬೂ ತಾಲಿಬರಿರುವರೆಂಬ ಭರವಸೆಯ ಮೇಲೆ ಈ ನಿಯಮವನ್ನು ಕಟ್ಟಿದರೆಂದು ನನಗೆ ತೋರುತ್ತದೆ.

ಆ ಭರವಸೆ ಇಂದು ಉಳಿದಿಲ್ಲ. ಹನಫೀ ದಾಯಶಾಸ್ತ್ರದ ಪಠ್ಯವಾದ ‘ಸಿರಾಜಿಯ್ಯಾ’ವನ್ನು ಸರ್ ವಿಲಿಯಂ ಜೋನ್ಸರು 1792ರಲ್ಲಿ ಕಲ್ಕತ್ತೆಯಲ್ಲಿ ಇಂಗ್ಲಿಷಿಗೆ ತಂದು ಪ್ರಕಟಿಸಿದಂದಿನಿಂದ, ನಮ್ಮ ನ್ಯಾಯಾಲಯಗಳು ಪಾಲಿನ ಗಣಿತವನ್ನು ಚಾಚೂ ತಪ್ಪದೆ ನಡೆಸಿಕೊಂಡು ಬಂದಿವೆ, ಆ ಗಣಿತದ ಜೊತೆಗೆ ಹುಟ್ಟಿದ ಬಂಧುಪೋಷಣೆಯ ಧರ್ಮವಾದರೋ ವಕೀಲರ ಪುಸ್ತಕದಲ್ಲಿ ಒಂದು ಅಧ್ಯಾಯವಾಗಿ ಉಳಿದು, ವ್ಯವಹಾರದಲ್ಲಿ ಅಂತಃಸಾಕ್ಷಿಯ ಪಾಲಾಗಿದೆ. ಜೀವನಾಂಶಕ್ಕಾಗಿ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದಾದವರ ಪಟ್ಟಿಯಲ್ಲಿ ಹೆಂಡತಿಯುಂಟು, ಮಕ್ಕಳುಂಟು, ತಾಯಿತಂದೆಯರುಂಟು, ಅಣ್ಣನ ಮಗನಿಲ್ಲ. ಹಳೆಯ ಶಾಸ್ತ್ರದ ಒಂದು ಕೈಯನ್ನು ಉಳಿಸಿಕೊಂಡು ಇನ್ನೊಂದನ್ನು ಮರೆತ ಮೇಲೆ, ಅದು ಮೂಲಶಾಸ್ತ್ರವೆಂದು ಹೇಳಿಕೊಳ್ಳುವುದರಲ್ಲಿ ಎಷ್ಟು ಪ್ರಾಮಾಣಿಕತೆಯಿದೆಯೋ ಓದುಗರೇ ವಿಚಾರಿಸಲಿ.

ಕನ್ನಡಿಗರಾದ ಇತರರಿಗೆ ಈ ನಿಯಮವು ವಿಚಿತ್ರವಾಗಿ ಕಾಣುವುದಕ್ಕೆ ಕಾರಣವಿಲ್ಲದೆ ಇಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಬರೆದ ‘ಮಿತಾಕ್ಷರಾ’ವು ಅಜ್ಜನ ಸ್ವತ್ತಿನಲ್ಲಿ ಪೌತ್ರರ ಪಾಲನ್ನು ಅವರವರ ತಂದೆಯ ಮೂಲಕ ಎಣಿಸಬೇಕೆಂಬ ನಿಯಮವನ್ನು ಪ್ರತಿಪಾದಿಸಿ, ಭಾರತದ ಬಹುಭಾಗಕ್ಕೆ ಧರ್ಮಶಾಸ್ತ್ರವಾಯಿತು. ಹೀಗಿರುವಲ್ಲಿ ತಬ್ಬಲಿ ಮೊಮ್ಮಗನು ಹೊರಗುಳಿಯುವನೆಂಬ ಮಾತು ಹಿಂದೂ ಮನೆಗಳ ಕಿವಿಗೆ ಒಗ್ಗದು. ಆದರೆ ಇದರಿಂದ ಹೆಮ್ಮೆಪಡುವ ಮುನ್ನ ಇನ್ನೊಂದನ್ನೂ ನೆನೆಯಬೇಕು. ಪೌತ್ರನನ್ನು ಕೈಹಿಡಿದ ಅದೇ ಮಿತಾಕ್ಷರಾ ವ್ಯವಸ್ಥೆಯಲ್ಲಿ ಗಂಡುಮಕ್ಕಳಿದ್ದ ಮನೆಯ ಮಗಳಿಗೆ ದಾಯವಿರಲಿಲ್ಲ. ಅದಕ್ಕೆ ನಾಲ್ಕು ಶತಮಾನಗಳಿಗೂ ಹಿಂದೆಯೇ ಕುರಾನ್ ಮಗಳಿಗೆ ಗೊತ್ತಾದ ಪಾಲನ್ನು ಕೊಟ್ಟಿತ್ತು. ಹಿಂದೂ ಮಗಳು ತಂದೆಯ ಸ್ವಯಾರ್ಜಿತದಲ್ಲಿ ಮಗನ ಸಮಕ್ಕೆ ಬರಲು 1956ರ ಉತ್ತರಾಧಿಕಾರ ಕಾಯಿದೆಯವರೆಗೆ ಕಾಯಬೇಕಾಯಿತು. ಪ್ರತಿಯೊಂದು ದಾಯಶಾಸ್ತ್ರವೂ ಯಾರನ್ನೋ ಒಬ್ಬರನ್ನು ಬಾಗಿಲ ಹೊರಗೆ ನಿಲ್ಲಿಸಿಯೇ ಬಂದಿದೆ.

ಈ ಎರಡು ಧಾರೆಗಳು ಭಾರತದಲ್ಲಿ ಒಂದನ್ನೊಂದು ಕೂಡಿದ ಕಥೆಯೂ ಸ್ವಾರಸ್ಯವಾದದ್ದು. ಬಹುಕಾಲದ ತನಕ ಅನೇಕ ಮುಸ್ಲಿಂ ಸಮುದಾಯಗಳು ದಾಯದ ವಿಷಯದಲ್ಲಿ ಸ್ಥಳೀಯ ರೂಢಿಯನ್ನೇ ಅನುಸರಿಸುತ್ತಿದ್ದುವು. ಪಂಜಾಬಿನ ಮುಸಲ್ಮಾನ ರೈತರು ಹೆಣ್ಣುಮಕ್ಕಳಿಗೆ ನೆಲವನ್ನು ಕೊಡುತ್ತಿರಲಿಲ್ಲ. ಆದರೆ ಸತ್ತ ಮಗನ ಮಕ್ಕಳಿಗೆ ಅವನ ಪಾಲನ್ನು ಕೊಡುತ್ತಿದ್ದರು. ವ್ಯಾಪಾರಕ್ಕೆಂದು ಹೊರಟು ಬೆಂಗಳೂರಿನಲ್ಲಿಯೂ ನೆಲೆನಿಂತ ಕಚ್ಛೀ ಮೆಮನ್ ಸಮುದಾಯಕ್ಕೆ ಮುಂಬಯಿಯ ನ್ಯಾಯಾಲಯಗಳು ಉತ್ತರಾಧಿಕಾರದಲ್ಲಿ ಹಿಂದೂ ನ್ಯಾಯವನ್ನೇ ಅನ್ವಯಿಸುತ್ತಿದ್ದುವು. 1938ರ ಕಾಯಿದೆಯಿಂದ ಅದು ಬದಲಾಯಿತು. ಅದಕ್ಕೂ ಮುಂಚೆ 1937ರಲ್ಲಿ ಬಂದ ಶರೀಯತ್ ಅನ್ವಯ ಕಾಯಿದೆಯು ರೂಢಿಯನ್ನು ಬದಿಗೊತ್ತಿ ಶರೀಯತ್ತನ್ನು ಜಾರಿಗೆ ತಂದಾಗ, ಹೆಣ್ಣುಮಕ್ಕಳಿಗೆ ನ್ಯಾಯ ದೊರೆಯಲಿ ಎಂಬುದು ಅದರ ದೊಡ್ಡ ಸಮರ್ಥನೆಯಾಗಿತ್ತು, ಆ ಸಮರ್ಥನೆ ಸತ್ಯವೂ ಆಗಿತ್ತು. ಮಗಳು ಬಾಗಿಲೊಳಗೆ ಬಂದಳು. ಅದೇ ಬಾಗಿಲಿನಿಂದ ತಬ್ಬಲಿ ಮೊಮ್ಮಗನು ಹೊರಗೆ ಹೋದುದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಪಶ್ಚಿಮ ಪಂಜಾಬು 1948ರಲ್ಲಿ ತನ್ನದೇ ಕಾಯಿದೆಯಿಂದ ಇದೇ ಕೆಲಸವನ್ನು ಪೂರ್ಣಗೊಳಿಸಿದ ಕೆಲವೇ ವರ್ಷಗಳಲ್ಲಿ ಯತೀಮ್ ಪೋತೆಯ ಕೂಗು ಅಲ್ಲಿ ಜೋರಾಗಿ ಕೇಳಿಬಂದುದು ಆಕಸ್ಮಿಕವಲ್ಲ. ಎಂದೂ ಸಿಗದಿದ್ದುದಕ್ಕಿಂತ, ಇದ್ದು ಕೈತಪ್ಪಿದ ಹಕ್ಕೇ ಹೆಚ್ಚು ನೋಯಿಸುತ್ತದೆ.

ಆ ಕೂಗಿಗೆ ಪಾಕಿಸ್ತಾನವು ಕೊಟ್ಟ ಉತ್ತರವು ಧೀರವಾಗಿತ್ತು, ಸ್ವಲ್ಪ ದುಡುಕಿನದೂ ಆಗಿತ್ತು. 1955ರಲ್ಲಿ ನೇಮಕವಾದ ವಿವಾಹ ಮತ್ತು ಕುಟುಂಬ ಕಾನೂನುಗಳ ಆಯೋಗವು ಮುಂದಿನ ವರ್ಷ ವರದಿಯೊಪ್ಪಿಸಿ, ತಬ್ಬಲಿ ಮೊಮ್ಮಕ್ಕಳಿಗೆ ದಾಯ ಸಲ್ಲಬೇಕೆಂದು ಶಿಫಾರಸು ಮಾಡಿತು. ಆಯೋಗದಲ್ಲಿದ್ದ ಏಕಮಾತ್ರ ಸಾಂಪ್ರದಾಯಿಕ ವಿದ್ವಾಂಸರಾದ ಮೌಲಾನಾ ಇಹ್ತಿಶಾಮುಲ್ ಹಕ್ ಥಾನವಿಯವರು ದೀರ್ಘವಾದ ಭಿನ್ನಾಭಿಪ್ರಾಯವನ್ನು ಬರೆದರು. ಅಯೂಬ್ ಖಾನರ ಆಡಳಿತದಲ್ಲಿ 1961ರ ಮುಸ್ಲಿಂ ಕುಟುಂಬ ಕಾನೂನು ಸುಗ್ರೀವಾಜ್ಞೆಯು ಹೊರಟು, ಅದರ 4ನೆಯ ಪ್ರಕರಣವು ಮೃತನಿಗಿಂತ ಮೊದಲೇ ತೀರಿಕೊಂಡ ಮಗನ ಅಥವಾ ಮಗಳ ಮಕ್ಕಳಿಗೆ, ಆ ಮಗನೋ ಮಗಳೋ ಬದುಕಿದ್ದರೆ ಎಷ್ಟು ಬರುತ್ತಿತ್ತೋ ಅಷ್ಟನ್ನೂ ಕೊಟ್ಟುಬಿಟ್ಟಿತು. ಒಂದೇ ವಾಕ್ಯದಲ್ಲಿ ಹದಿಮೂರು ಶತಮಾನಗಳ ನಿಯಮವು ತಲೆಕೆಳಗಾಯಿತು. 1971ರಲ್ಲಿ ಬೇರೆಯಾದ ಬಾಂಗ್ಲಾದೇಶವು ಅದೇ ಕಾನೂನನ್ನು ಇಂದಿಗೂ ಉಳಿಸಿಕೊಂಡಿದೆ.

ಲೆಕ್ಕವನ್ನು ರೂಪಾಯಿಯಲ್ಲಿ ಮಾಡಿ ನೋಡಿದರೆ ಅದರ ಗುಣವೂ ದೋಷವೂ ಒಟ್ಟಿಗೆ ತಿಳಿಯುತ್ತವೆ. ಮೂವತ್ತಾರು ಲಕ್ಷದ ಆಸ್ತಿಯನ್ನು ಬಿಟ್ಟು ಹೋದ ಅಜ್ಜನಿಗೆ ಇಬ್ಬರು ಜೀವಂತ ಗಂಡುಮಕ್ಕಳೂ, ಸತ್ತ ಮಗನ ಮಕ್ಕಳಾದ ಒಬ್ಬ ಹುಡುಗನೂ ಒಬ್ಬ ಹುಡುಗಿಯೂ ಇದ್ದಾರೆಂದು ಇಟ್ಟುಕೊಳ್ಳೋಣ. ಹಳೆಯ ನಿಯಮದಂತೆ ಜೀವಂತರಿಬ್ಬರಿಗೆ ಹದಿನೆಂಟು ಹದಿನೆಂಟು ಲಕ್ಷ. ಮೊಮ್ಮಕ್ಕಳಿಗೆ ಏನೂ ಇಲ್ಲ. ಪಾಕಿಸ್ತಾನದ ನಿಯಮದಂತೆ ಹನ್ನೆರಡು ಹನ್ನೆರಡು ಲಕ್ಷ ಇಬ್ಬರಿಗೆ, ಉಳಿದ ಹನ್ನೆರಡರಲ್ಲಿ ಎಂಟು ಹುಡುಗನಿಗೆ, ನಾಲ್ಕು ಹುಡುಗಿಗೆ. ಇಲ್ಲಿಯ ತನಕ ಯಾರೂ ಆಕ್ಷೇಪಿಸಲಾರರು. ಈಗ ಬೇರೊಂದು ಮನೆಯನ್ನು ನೋಡಿ: ಅಜ್ಜನಿಗೆ ಉಳಿದಿರುವುದು ಒಬ್ಬ ಮಗಳು ಮತ್ತು ಸತ್ತ ಮಗನ ಮಗಳು, ಬೇರೆ ಹತ್ತಿರದ ಬಂಧುಗಳಿಲ್ಲ. ಹಳೆಯ ಶಾಸ್ತ್ರದಲ್ಲಿ ಮಗಳ ಅರ್ಧಕ್ಕೂ ಮೊಮ್ಮಗಳ ಆರನೆಯ ಅಂಶಕ್ಕೂ ಮಿಕ್ಕ ಭಾಗವು ಅದೇ ಪ್ರಮಾಣದಲ್ಲಿ ಮರಳಿ ಸೇರಿ, ಮಗಳಿಗೆ ಇಪ್ಪತ್ತೇಳು ಲಕ್ಷ, ಮೊಮ್ಮಗಳಿಗೆ ಒಂಬತ್ತು ಲಕ್ಷ ಬರುತ್ತಿತ್ತು. ಹೊಸ ಪ್ರಕರಣವನ್ನು ಅಕ್ಷರಶಃ ಓದಿದರೆ ಮೊಮ್ಮಗಳು ಸತ್ತ ತಂದೆಯ ಸ್ಥಾನದಲ್ಲಿ ನಿಂತು ಇಪ್ಪತ್ತನಾಲ್ಕು ಲಕ್ಷವನ್ನು ಒಯ್ಯುತ್ತಾಳೆ. ಸ್ವಂತ ಮಗಳಿಗೆ ಉಳಿಯುವುದು ಹನ್ನೆರಡು. ಕುರಾನಿನಲ್ಲಿ ಹೆಸರೆತ್ತಿ ಅರ್ಧವನ್ನು ಪಡೆದ ಮಗಳು, ಹೆಸರೇ ಇಲ್ಲದ ಮೊಮ್ಮಗಳ ಮುಂದೆ ಮೂರನೆಯ ಒಂದಂಶಕ್ಕೆ ಇಳಿಯುತ್ತಾಳೆ. ಕೌಲ್ಸನ್ ಮೊದಲಾದ ವಿದ್ವಾಂಸರು ಈ ವೈಪರೀತ್ಯವನ್ನು ಎತ್ತಿ ತೋರಿಸಿದ್ದಾರೆ. ಅನಾಥೆಯೊಬ್ಬಳಿಗೆ ನ್ಯಾಯ ಒದಗಿಸಹೊರಟ ಶಾಸನವು ಇನ್ನೊಬ್ಬ ಹೆಣ್ಣಿನ ಪಾಲನ್ನು ಕಡಿದುಕೊಟ್ಟಿತೆಂಬುದನ್ನು ಸುಧಾರಣೆಯ ಪಕ್ಷಪಾತಿಗಳೂ ಒಪ್ಪಬೇಕು. ಪಾಕಿಸ್ತಾನದ ಫೆಡರಲ್ ಶರೀಯತ್ ನ್ಯಾಯಾಲಯವು 2000ದಲ್ಲಿ ಈ ಪ್ರಕರಣವು ಇಸ್ಲಾಮಿಗೆ ವಿರುದ್ಧವೆಂದು ತೀರ್ಮಾನಿಸಿತು. ಮೇಲ್ಮನವಿ ಹೋದುದರಿಂದ ಆ ತೀರ್ಪು ಜಾರಿಗೆ ಬಾರದೆ ನಿಂತಿತು. ಮಕ್ಕಳ ಅನ್ನವನ್ನು ಇಂತಹ ತೂಗುಗತ್ತಿಯ ಕೆಳಗೆ ಇಟ್ಟಿರುವುದು ಒಳ್ಳೆಯ ಶಾಸನದ ಲಕ್ಷಣವಲ್ಲ.

ಪಾಕಿಸ್ತಾನದ ಸುಗ್ರೀವಾಜ್ಞೆಗೆ ಹದಿನೈದು ವರ್ಷ ಮೊದಲೇ ಈಜಿಪ್ಟು ಬೇರೊಂದು ದಾರಿಯನ್ನು ಕಂಡುಕೊಂಡಿತ್ತು. ನನ್ನ ಮನಸ್ಸು ಒಪ್ಪುವುದು ಆ ದಾರಿಯನ್ನು. ದಾಯದ ಪಾಲುಗಳನ್ನು ಮುಟ್ಟದೆ, ಅದು ವಸೀಯತ್ತಿನ, ಎಂದರೆ ಉಯಿಲಿನ, ಕಡೆಗೆ ತಿರುಗಿತು. ಇಸ್ಲಾಮೀ ನ್ಯಾಯದಲ್ಲಿ ಪ್ರತಿಯೊಬ್ಬನಿಗೂ, ಸಾಲವನ್ನೂ ಅಂತ್ಯಕ್ರಿಯೆಯ ವೆಚ್ಚವನ್ನೂ ಕಳೆದು ಉಳಿದ ಆಸ್ತಿಯಲ್ಲಿ ಮೂರನೆಯ ಒಂದಂಶವನ್ನು ವಾರಸುದಾರರಲ್ಲದ ಯಾರಿಗಾದರೂ ಉಯಿಲಿನ ಮೂಲಕ ಕೊಡುವ ಸ್ವಾತಂತ್ರ್ಯವುಂಟು; ಈ ಮಿತಿಗೆ ಪ್ರವಾದಿಯವರು ಸಅದ್ ಬಿನ್ ಅಬೀ ವಕ್ಕಾಸರಿಗೆ ಕೊಟ್ಟ ಉಪದೇಶವೇ ಆಧಾರ. ಎರಡನೆಯ ಅಧ್ಯಾಯ ‘ಬಕರಾ’ದ 180ನೆಯ ವಚನವು ಸಾವು ಸಮೀಪಿಸಿದಾಗ ತಾಯಿತಂದೆಗಳಿಗೂ ಸಮೀಪಬಂಧುಗಳಿಗೂ ವಸೀಯತ್ ಮಾಡಬೇಕೆಂದು ವಿಧಿಸುತ್ತದೆ. ದಾಯಭಾಗದ ವಚನಗಳು ಬಂದ ಮೇಲೆ ಇದು ರದ್ದಾಯಿತೆಂಬುದು ಬಹುಸಂಖ್ಯಾತ ಶಾಸ್ತ್ರಜ್ಞರ ಮತ. ಆದರೆ ದಾಯ ಸಿಗುವ ಬಂಧುಗಳ ಮಟ್ಟಿಗೆ ಮಾತ್ರ ಅದು ರದ್ದಾಯಿತೆಂದೂ, ದಾಯ ಸಿಗದ ಬಂಧುಗಳ ಮಟ್ಟಿಗೆ ಇನ್ನೂ ಕಟ್ಟುಪಾಡಾಗಿಯೇ ನಿಂತಿದೆಯೆಂದೂ ವಾದಿಸಿದವರು ಆರಂಭಕಾಲದಿಂದಲೂ ಇದ್ದರು. ಅವರಲ್ಲಿ ಅತ್ಯಂತ ದೃಢವಾದ ಕಂಠವು ಕಾರ್ಡೋಬಾದ ಇಬ್ನ್ ಹಜ್ಮನದು. 994ರಲ್ಲಿ ಹುಟ್ಟಿ 1064ರಲ್ಲಿ ತೀರಿಕೊಂಡ ಈ ಆಂದಲೂಸೀ ಪಂಡಿತನು ಜಾಹಿರೀ ಪಂಥದವನು. ಸಮಕಾಲೀನರೊಡನೆ ಜಗಳವಾಡಿ, ಸೆವಿಲ್ಲೆಯಲ್ಲಿ ತನ್ನ ಗ್ರಂಥಗಳು ಸುಡಲ್ಪಟ್ಟುದನ್ನು ಕಂಡವನು. ದಾಯ ಸಿಗದ ಸಮೀಪಬಂಧುಗಳಿಗೆ ವಸೀಯತ್ ಬರೆಯುವುದು ಕಡ್ಡಾಯವೆಂದೂ, ಬರೆಯದೆ ಸತ್ತರೆ ಆತನ ಆಸ್ತಿಯಿಂದ ಅದನ್ನು ತೆಗೆದುಕೊಡತಕ್ಕದ್ದೆಂದೂ ಅವನು ಹೇಳಿದುದು ಅಂದಿನವರಿಗೆ ಒಂಟಿದನಿಯಾಗಿ ಕೇಳಿರಬೇಕು.

ಒಂಬೈನೂರು ವರ್ಷಗಳ ನಂತರ ಆ ಒಂಟಿದನಿ ಶಾಸನವಾಯಿತು. ಈಜಿಪ್ಟಿನ 1946ರ 71ನೆಯ ನಂಬರಿನ ಉಯಿಲು ಕಾನೂನಿನ 76ರಿಂದ 78ರ ವರೆಗಿನ ವಿಧಿಗಳು ‘ವಸಿಯ್ಯಾ ವಾಜಿಬಾ’ ಎಂಬ ಕಡ್ಡಾಯ ಉಯಿಲನ್ನು ಸ್ಥಾಪಿಸಿದುವು. ಅಜ್ಜನು ಬರೆಯದೆ ಹೋದರೂ ಬರೆದನೆಂದೇ ಕಾನೂನು ಭಾವಿಸುತ್ತದೆ. ಸತ್ತ ಮಗನ ಅಥವಾ ಮಗಳ ಪಾಲೆಷ್ಟಾಗುತ್ತಿತ್ತೋ ಅಷ್ಟು, ಆದರೆ ಒಟ್ಟು ಆಸ್ತಿಯ ಮೂರನೆಯ ಒಂದಂಶವನ್ನು ಮೀರದಂತೆ, ಮೊಮ್ಮಕ್ಕಳಿಗೆ ಮೊದಲೇ ತೆಗೆದುಕೊಟ್ಟು, ಉಳಿದುದನ್ನು ಹಳೆಯ ಶಾಸ್ತ್ರದ ಪ್ರಕಾರ ಹಂಚುತ್ತಾರೆ. ಮೊಮ್ಮಗಳು ಈಗಾಗಲೇ ದಾಯಕ್ಕೆ ಅರ್ಹಳಾಗಿದ್ದರೆ ಈ ವಿಧಿ ಅವಳ ಗೊಡವೆಗೆ ಹೋಗುವುದಿಲ್ಲ. ಆದ್ದರಿಂದ ಮೇಲೆ ಹೇಳಿದ ಇಪ್ಪತ್ತೇಳು ಲಕ್ಷದ ಮಗಳಿಗೆ ಯಾವ ನಷ್ಟವೂ ಆಗದು. ಒಬ್ಬನೇ ಜೀವಂತ ಮಗನಿದ್ದು ಇನ್ನೊಬ್ಬನು ಸತ್ತಿದ್ದರೆ, ಪಾಕಿಸ್ತಾನದಲ್ಲಿ ಮೊಮ್ಮಕ್ಕಳಿಗೆ ಹದಿನೆಂಟು ಲಕ್ಷ, ಈಜಿಪ್ಟಿನಲ್ಲಿ ಹನ್ನೆರಡು. ಆರು ಲಕ್ಷ ಕಡಮೆಯೆನ್ನಬಹುದು. ಆದರೆ ಆ ಹನ್ನೆರಡನ್ನು ಯಾವ ಮುಫ್ತಿಯೂ ದೇವರ ವಿಧಿಗೆ ವಿರುದ್ಧವೆಂದು ಸುಲಭವಾಗಿ ಹೇಳಲಾರನು, ಏಕೆಂದರೆ ಅದು ಬಂದುದು ಅಜ್ಜನ ಸ್ವಂತ ಅಧಿಕಾರಕ್ಕೆ ಒಳಪಟ್ಟ ಮೂರನೆಯ ಅಂಶದಿಂದ. ಹೆಚ್ಚು ಕೊಟ್ಟು ಅನಿಶ್ಚಿತವಾಗಿರುವುದಕ್ಕಿಂತ ಕಡಮೆ ಕೊಟ್ಟು ಸ್ಥಿರವಾಗಿರುವುದು ತಬ್ಬಲಿಗೆ ಹಿತ.

ಸಿರಿಯಾ 1953ರಲ್ಲಿಯೂ, ಮೊರಾಕೊ ಅದೇ ದಶಕದಲ್ಲಿಯೂ, ಟ್ಯುನೀಷಿಯಾ 1959ರಲ್ಲಿಯೂ, ಕುವೈತು 1971ರಲ್ಲಿಯೂ, ಜೋರ್ಡಾನು 1976ರಲ್ಲಿಯೂ ಈಜಿಪ್ಟನ್ನು ತಮತಮಗೆ ತೋರಿದ ಮಾರ್ಪಾಟುಗಳೊಡನೆ ಅನುಸರಿಸಿದುವು. ಜಗತ್ತಿನಲ್ಲಿ ಅತ್ಯಂತ ಹೆಚ್ಚು ಮುಸಲ್ಮಾನರಿರುವ ದೇಶವೆಂದು ಬಹುಕಾಲ ಹೆಸರಾದ ಇಂಡೋನೇಷಿಯಾ ಮಾತ್ರ 1991ರ ತನ್ನ ಸಂಹಿತೆಯ 185ನೆಯ ವಿಧಿಯಲ್ಲಿ ಬದಲಿ ವಾರಸುದಾರನೆಂಬ ಕಲ್ಪನೆಯನ್ನು ತಂದು, ಅವನ ಪಾಲು ಸರಿಸಮಾನನಾದ ಜೀವಂತ ವಾರಸುದಾರನ ಪಾಲನ್ನು ಮೀರಬಾರದೆಂದು ಕಟ್ಟು ಹಾಕಿತು.

ಹಾಗಾದರೆ ನಮ್ಮಲ್ಲಿ? ಶಾಸನವೇನೂ ಇಲ್ಲ. ಆದರೆ ಶಾಸನವಿಲ್ಲವೆಂದು ಕೈಕಟ್ಟಿ ಕೂರಬೇಕಾದ ಅಗತ್ಯವೂ ಇಲ್ಲವೆಂಬುದನ್ನು ನಮ್ಮ ಜಮಾಅತುಗಳೂ ಮಸೀದಿಗಳ ಆಡಳಿತ ಸಮಿತಿಗಳೂ ಜನರಿಗೆ ತಿಳಿಯಹೇಳಿದರೆ ಎಷ್ಟೋ ಮನೆಗಳು ಉಳಿದಾವು. ತಬ್ಬಲಿ ಮೊಮ್ಮಗನು ವಾರಸುದಾರನಲ್ಲ ಎಂಬ ಅದೇ ಅನನುಕೂಲವು ವಸೀಯತ್ತಿನ ವಿಷಯದಲ್ಲಿ ಅವನಿಗೆ ಅನುಕೂಲವಾಗುತ್ತದೆ. ವಾರಸುದಾರನಿಗೆ ಉಯಿಲು ಸಲ್ಲದೆಂಬ ಸುನ್ನೀ ನಿಷೇಧವು ಅವನಿಗೆ ತಾಗುವುದಿಲ್ಲ, ಚಿಕ್ಕಪ್ಪಂದಿರ ಒಪ್ಪಿಗೆಯೂ ಬೇಕಿಲ್ಲ. ಅವನು ವಾರಸುದಾರನೋ ಅಲ್ಲವೋ ಎಂಬುದು ನಿಶ್ಚಯವಾಗುವುದು ಉಯಿಲು ಬರೆದ ದಿನವಲ್ಲ, ಅಜ್ಜನು ಸತ್ತ ದಿನ. ಅಷ್ಟರಲ್ಲಿ ಉಳಿದ ಗಂಡುಮಕ್ಕಳೂ ತೀರಿಹೋಗಿದ್ದರೆ ಉಯಿಲು ನಿಲ್ಲದು, ಆದರೆ ಆಗ ದಾಯವೇ ಅವನಿಗೆ ಬರುತ್ತದೆ. ಮುಸ್ಲಿಂ ವಸೀಯತ್ತಿಗೆ ನಿರ್ದಿಷ್ಟ ನಮೂನೆಯೆಂಬುದಿಲ್ಲ, ಭಾರತೀಯ ಉತ್ತರಾಧಿಕಾರ ಕಾಯಿದೆಯು ಹೇಳುವ ಸಾಕ್ಷಿ ಸಹಿಗಳ ಕಟ್ಟುಪಾಡು ಅದಕ್ಕೆ ಅನ್ವಯಿಸದು, ಬಾಯಿಮಾತಿನದೂ ಸಲ್ಲುತ್ತದೆ. ಆದರೂ ಬಾಯಿಮಾತನ್ನು ರುಜುವಾತುಪಡಿಸುವ ಕಷ್ಟವನ್ನು ಕಂಡವರು ಕಾಗದದ ಮೇಲೆ ಬರೆದು, ಇಬ್ಬರ ಸಾಕ್ಷಿ ಹಾಕಿಸಿ, ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸುವುದೇ ಲೇಸೆಂದು ಹೇಳುವರು.

ಬದುಕಿರುವಾಗಲೇ ಕೊಡಬೇಕೆನ್ನುವವರಿಗೆ ಹಿಬಾ, ಎಂದರೆ ದಾನ, ಇದೆ. ಅದಕ್ಕೆ ಮೂರನೆಯ ಅಂಶದ ಮಿತಿಯಿಲ್ಲ. ಹಿಬಾಕ್ಕೆ ಸಾಧಾರಣವಾಗಿ ಸ್ವಾಧೀನವನ್ನು ಬಿಟ್ಟುಕೊಡಬೇಕಾಗುತ್ತದೆ, ಎಷ್ಟೋ ದಾನಗಳು ಬಿದ್ದುಹೋಗುವುದು ಇಲ್ಲಿಯೇ. ಆದರೆ ತಂದೆಯಿಲ್ಲದ, ತಂದೆಯು ನೇಮಿಸಿದ ನಿರ್ವಾಹಕನೂ ಇಲ್ಲದ ಅಪ್ರಾಪ್ತವಯಸ್ಕನ ಆಸ್ತಿಗೆ ಅಜ್ಜನೇ ಶಾಸ್ತ್ರಸಮ್ಮತನಾದ ರಕ್ಷಕನಾದ್ದರಿಂದ, ಅಂತಹ ಮೊಮ್ಮಗನಿಗೆ ಅಜ್ಜನು ಮಾಡುವ ಹಿಬಾಕ್ಕೆ ಸ್ವಾಧೀನದ ವರ್ಗಾವಣೆ ಬೇಕಿಲ್ಲ. ಪ್ರಾಮಾಣಿಕವಾದ ಘೋಷಣೆ ಸಾಕು. ತಬ್ಬಲಿಗಾಗಿಯೇ ಶಾಸ್ತ್ರವು ತೆರೆದಿಟ್ಟ ಈ ಕಿರುಬಾಗಿಲನ್ನು ಬಲ್ಲವರು ಎಷ್ಟು ಮಂದಿ? ಮರಣಶಯ್ಯೆಯಲ್ಲಿ ಮಾಡಿದ ಹಿಬಾ ಮಾತ್ರ ಉಯಿಲಿನಂತೆಯೇ ಮೂರನೆಯ ಅಂಶಕ್ಕೆ ಸೀಮಿತ. ಆದ್ದರಿಂದ ಕೊನೆಯ ಕಾಯಿಲೆಯ ತನಕ ಕಾಯುವುದು ಜಾಣತನವಲ್ಲ.

ಇಷ್ಟೆಲ್ಲ ಇದ್ದೂ ಅಜ್ಜಂದಿರು ಬರೆಯುವುದಿಲ್ಲ. ಬರೆದರೆ ಸಾವನ್ನು ಕರೆದಂತಾಯಿತೆಂಬ ಅಳುಕು ಒಂದು. ಬದುಕಿರುವ ಗಂಡುಮಕ್ಕಳ ಮುಖ ನೋಡಬೇಕಾದ ದಾಕ್ಷಿಣ್ಯ ಇನ್ನೊಂದು. ನಾಳೆ ಬರೆದರಾಯಿತೆಂಬ ಆಲಸ್ಯ ಎಲ್ಲಕ್ಕೂ ದೊಡ್ಡದು. ಕೊಡಲು ಏನಾದರೂ ಉಳ್ಳ ಮುಸಲ್ಮಾನನು ವಸೀಯತ್ ಬರೆದಿಟ್ಟುಕೊಳ್ಳದೆ ಎರಡು ರಾತ್ರಿಗಳನ್ನು ಕಳೆಯಬಾರದೆಂಬ ಪ್ರವಾದಿವಾಕ್ಯವನ್ನು ಇಬ್ನ್ ಉಮರರು ವರದಿ ಮಾಡಿದ್ದಾರೆ. ಅದನ್ನು ಪ್ರವಚನದಲ್ಲಿ ಕೇಳಿದವರು ಎರಡು ದಶಕಗಳನ್ನು ಕಳೆದುಬಿಡುತ್ತಾರೆ. ಮನುಷ್ಯಸ್ವಭಾವವು ಹೀಗಿರುವುದರಿಂದಲೇ ಈಜಿಪ್ಟಿನ ಶಾಸನಕಾರರು ಬರೆಯದಿದ್ದರೂ ಬರೆದಂತೆ ಎಂಬ ವಿಧಿಯನ್ನು ಮಾಡಿದರು, ಅದೇ ಕಾರಣದಿಂದ ನಮಗೂ ಅಂಥದೊಂದು ಬೇಕು.

ಏಕರೂಪ ನಾಗರಿಕ ಸಂಹಿತೆ ಬಂದರೆ ಇದೆಲ್ಲ ತಾನಾಗಿಯೇ ಸರಿಹೋಗುವುದೆಂದು ಕೆಲವರು ಹೇಳಿಯಾರು. ಆ ಚರ್ಚೆಯ ಜಯಾಪಜಯಗಳು ತೀರ್ಮಾನವಾಗುವ ತನಕ ತಬ್ಬಲಿಗಳು ಕಾಯಬೇಕೆನ್ನುವುದು ನ್ಯಾಯವಲ್ಲ. ಮೇಲಾಗಿ, ಸಮುದಾಯದ ಒಳಗಿನ ಶಾಸ್ತ್ರವೇ ಒದಗಿಸಿಕೊಡುವ ಪರಿಹಾರಕ್ಕೆ ದೊರೆಯುವಷ್ಟು ವಿಧೇಯತೆ ಹೊರಗಿನಿಂದ ಹೇರಿದುದಕ್ಕೆ ದೊರೆಯದು. ಇನ್ನೊಂದು ಕಡೆಯವರು ಶರೀಯತ್ತಿನಲ್ಲಿ ಶಾಸನಸಭೆ ಕೈಯಿಡಬಾರದೆನ್ನುತ್ತಾರೆ. 1937ರ ಶರೀಯತ್ ಕಾಯಿದೆಯೂ ಶಾಸನಸಭೆಯ ಕೃತಿಯೇ ಎಂಬುದನ್ನು ಅವರಿಗೆ ವಿನಯದಿಂದ ನೆನಪಿಸಬೇಕು.

ನಮ್ಮಲ್ಲಿ ಕಡ್ಡಾಯ ಉಯಿಲಿನ ಮಸೂದೆಯನ್ನು ಬರೆಯುವವರು ಈಜಿಪ್ಟಿನ ವಿಧಿಯನ್ನು ಕಣ್ಣುಮುಚ್ಚಿ ನಕಲು ಮಾಡಬೇಕಾಗಿಲ್ಲ. ಆದರೆ ಅದರಲ್ಲಿರುವ ಒಂದು ಸೂಕ್ಷ್ಮವನ್ನು ಬಿಡಬಾರದು. ಅಜ್ಜನು ಬದುಕಿದ್ದಾಗಲೇ ಮೊಮ್ಮಕ್ಕಳಿಗೆ ಬೆಲೆಯಿಲ್ಲದೆ ಕೊಟ್ಟಿದ್ದರೆ ಅಷ್ಟನ್ನು ಕಡ್ಡಾಯ ಉಯಿಲಿನಿಂದ ಕಳೆಯಬೇಕು. ಕಡಮೆ ಕೊಟ್ಟಿದ್ದರೆ ಕೊರತೆಯನ್ನು ಮಾತ್ರ ತುಂಬಬೇಕು. ಇನ್ನೊಂದು ವಿಷಯದಲ್ಲಿ ಸಿರಿಯಾದ ತಪ್ಪನ್ನು ಮಾಡಬಾರದು. ಅಲ್ಲಿಯ 1953ರ ಕಾನೂನು ಮಗನ ಮಕ್ಕಳಿಗೆ ಮಾತ್ರ ಈ ರಕ್ಷಣೆಯನ್ನು ಕೊಟ್ಟು ಮಗಳ ಮಕ್ಕಳನ್ನು ಹಳೆಯ ದೂರಬಂಧುಗಳ ಸಾಲಿನಲ್ಲಿಯೇ ಬಿಟ್ಟಿತು. ಮೊರಾಕೊ ಸಹ ಮೊದಲು ಹಾಗೆಯೇ ಮಾಡಿ, 2004ರ ತನ್ನ ಹೊಸ ಕುಟುಂಬ ಸಂಹಿತೆಯಲ್ಲಿ ತಿದ್ದಿಕೊಂಡು, ಸತ್ತ ಮಗಳ ಮಕ್ಕಳಿಗೂ ಅಜ್ಜನ ಆಸ್ತಿಯ ಬಾಗಿಲನ್ನು ತೆರೆಯಿತು. ತಂದೆಯನ್ನು ಕಳೆದುಕೊಂಡ ಮಗುವಿನ ಹಸಿವಿಗೂ ತಾಯಿಯನ್ನು ಕಳೆದುಕೊಂಡ ಮಗುವಿನ ಹಸಿವಿಗೂ ಅಂತರವಿಲ್ಲವೆಂಬುದನ್ನು ಮೊರಾಕೊದ ಶಾಸನಕಾರರು ಒಪ್ಪಿಕೊಳ್ಳಲು ಅರ್ಧ ಶತಮಾನ ಹಿಡಿಯಿತು. ನಮ್ಮ ಮಸೂದೆಯಲ್ಲಿ ಮಗನ ಮಕ್ಕಳ ಹೆಸರಿನ ಪಕ್ಕದಲ್ಲಿ ಮಗಳ ಮಕ್ಕಳ ಹೆಸರು ಮೊದಲ ಕರಡಿನಲ್ಲಿಯೇ ಇರಲಿ.